ಬೂತ್‌ನಲ್ಲಿ ಕೂತವರ ಸಿದ್ಧ ಮಾತು: ಚೀನೀ–ಇಂಗ್ಲಿಷ್ ದುಭಾಷಿಗಳು ಮರುಕಳಿಸುವ ನುಡಿಗಟ್ಟುಗಳನ್ನು ನಿಭಾಯಿಸುವ ಬಗೆ

ಚೀನಾದ ಪ್ರತಿನಿಧಿ ಮೈಕ್ ಮುಂದೆ "ರೆನ್‌ಲೇ ಮಿಂಗ್‌ಯುನ್ ಗೊಂಗ್‌ಥೊಂಗ್‌ಥಿ" ಎನ್ನುತ್ತಾರೆ, ಮನುಕುಲಕ್ಕೆಲ್ಲ ಒಂದೇ ಭವಿಷ್ಯ ಎಂಬ ಅರ್ಥದ ಮಾತು. 7 ಉಚ್ಚಾರಾಂಶ, ಉಸಿರು ಬಿಟ್ಟಷ್ಟು ಹೊತ್ತು. ಗಾಜಿನ ಬೂತ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತ ದುಭಾಷಿ ಅದನ್ನೇ "ಎ ಕಮ್ಯೂನಿಟಿ ವಿತ್ ಎ ಶೇರ್ಡ್ ಫ್ಯೂಚರ್ ಫಾರ್ ಮ್ಯಾನ್‌ಕೈಂಡ್" ಎಂದು ಮುಗಿಸುವಾಗ 13 ಉಚ್ಚಾರಾಂಶ ಆಗಿರುತ್ತದೆ. ಅಷ್ಟರಲ್ಲಿ ಭಾಷಣಕಾರರು ಮುಂದಿನ ವಾಕ್ಯದ ನಡುವಿಗೆ ಬಂದಿರುತ್ತಾರೆ. ಇದೇ ನುಡಿಗಟ್ಟು ಅದೇ ಭಾಷಣದಲ್ಲಿ ಇನ್ನೂ ನಾಲ್ಕು ಸಲ ಬರಬಹುದು.

ಏಕಕಾಲಿಕ ಭಾಷಾಂತರ ಅಂದರೆ ಕೇಳುತ್ತಲೇ ಮಾತಾಡುವುದು. ಭಾಷಣಕಾರರಿಗಿಂತ ಎರಡರಿಂದ ನಾಲ್ಕು ಸೆಕೆಂಡು ಹಿಂದೆ ಓಡುತ್ತಿರಬೇಕು. ಇನ್ನೂ ಹಿಂದೆ ಬಿದ್ದರೆ ಕೇಳಿದ್ದು ನೆನಪಿನಿಂದ ಜಾರುತ್ತದೆ, ತೀರಾ ಹತ್ತಿರ ಓಡಿದರೆ ವಾಕ್ಯ ಎತ್ತ ಹೋಗುತ್ತಿದೆ ಎಂಬುದೇ ತಿಳಿಯದು. ಕೇಳುವುದು, ನೆನಪಿಡುವುದು, ಹೇಳುವುದು ಮೂರಕ್ಕೂ ಇರುವುದು ಒಂದೇ ತಲೆ. ಮರುಕಳಿಸುವ ಮಾತು ಸಿಕ್ಕಾಗ ಅದನ್ನು ಹೊಸದಾಗಿ ಯೋಚಿಸಿ ಅನುವಾದಿಸಿದರೆ ಆ ತಲೆ ಸುಮ್ಮನೆ ಖರ್ಚಾಗುತ್ತದೆ. ಅದೇ ಮಾತು ಬಾಯಲ್ಲಿ ಸಿದ್ಧವಾಗಿದ್ದರೆ, ಅದನ್ನು ಹೇಳುತ್ತಿರುವಾಗ ಕಿವಿ ಪೂರ್ತಿ ಮುಂದಿನ ವಾಕ್ಯಕ್ಕೆ ಸಿಗುತ್ತದೆ. ಅಂದರೆ ದುಭಾಷಿ ಉಸಿರು ಎಳೆದುಕೊಳ್ಳುವ ಜಾಗ ಈ ಸವಕಲು ಮಾತುಗಳೇ. ಹೊಸಬರು ಅವನ್ನೇ ಕಂಡು ಹೆದರುತ್ತಾರೆ, ಅದು ತಮಾಷೆ.

ಮೊದಲು: ಒಂದು ಹಾಳೆ ಮಾಡಿಕೊಳ್ಳಿ

ಸಭೆ ಯಾವ ವಿಷಯದ್ದು ಎಂದು ಗೊತ್ತಾದ ತಕ್ಷಣ ಅದೇ ಪ್ರತಿನಿಧಿ, ಅದೇ ಸಚಿವಾಲಯ ಹಿಂದೆ ಮಾಡಿದ ಭಾಷಣಗಳನ್ನು ಹುಡುಕಿ. ಚೀನಾ ಸರ್ಕಾರದ ಭಾಷಣಗಳಲ್ಲಿ ಇದು ಬೇರೆಲ್ಲೂ ಇಲ್ಲದಷ್ಟು ಫಲ ಕೊಡುತ್ತದೆ, ಏಕೆಂದರೆ ಅಲ್ಲಿ ನುಡಿಗಟ್ಟುಗಳನ್ನು ಉದ್ದೇಶಪೂರ್ವಕವಾಗಿ ಕಟ್ಟಿ, ವರ್ಷಗಟ್ಟಲೆ ಅದೇ ರೂಪದಲ್ಲಿ ಬಳಸುತ್ತಾರೆ. ಪ್ರತಿ ಮಾರ್ಚ್‌ನಲ್ಲಿ ಪ್ರಧಾನಿ ಓದುವ ಸರ್ಕಾರಿ ಕಾರ್ಯವರದಿಗೆ ಅಧಿಕೃತ ಇಂಗ್ಲಿಷ್ ರೂಪವೂ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಆ ವರ್ಷದ ಅರ್ಧ ಶಬ್ದಸಂಪತ್ತು ಕೈಗೆ ಬಂದ ಹಾಗೆ. ವಿಶ್ವಸಂಸ್ಥೆಯ ವಿಷಯಗಳಿಗೆ ಅದರದೇ ಪರಿಭಾಷಾ ಕೋಶ ಅನ್‌ಟರ್ಮ್ ಇದೆ. ಆರೂ ಅಧಿಕೃತ ಭಾಷೆಗಳ ಶಬ್ದಗಳು ಅಲ್ಲಿ ಸಿಗುತ್ತವೆ.

ಹಾಳೆ ಒಂದೇ ಇರಲಿ, ಎ-ಫೋರ್, ಒಂದೇ ಮಗ್ಗುಲು. ಬೂತ್‌ನಲ್ಲಿ ಪುಟ ಮಗುಚುವುದಕ್ಕೆ ಬಿಡುವಿಲ್ಲ, ಮಗುಚಿದರೆ ಸದ್ದು ಮೈಕ್‌ಗೆ ಬೀಳುತ್ತದೆ. ಅಕಾರಾದಿ ಕ್ರಮ ಬೇಡ. ಭಾಷಣದಲ್ಲಿ ಬರುವ ಕ್ರಮದಲ್ಲೇ ಬರೆಯಿರಿ: ಆರಂಭದ ವಂದನೆ ಮೇಲೆ, ನೀತಿಯ ಮಾತು ನಡುವೆ, ಕೊನೆಯ ಕರೆ ಕೆಳಗೆ. ಕಣ್ಣು ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ.

ಕಾಳು, ಹತ್ತಿ, ಹೊಟ್ಟು

ಸಂಗ್ರಹಿಸಿದ ಮಾತುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ಇಡುವುದು ಕಲಿಯುವವರ ದೊಡ್ಡ ತಪ್ಪು. ನಾನು ಮೂರು ಗುಂಪು ಮಾಡುತ್ತೇನೆ. ಕಾಳಿನಂಥ ಮಾತುಗಳು ಒಂದೂ ಚೆಲ್ಲಬಾರದು, ಆಕಾರವೂ ಬದಲಾಗಬಾರದು. ಹತ್ತಿಯಂಥವು ಹಿಂಡಿದರೆ ಮುಷ್ಟಿಯಷ್ಟಾಗುತ್ತವೆ. ಹೊಟ್ಟಿನಂಥವು ತೂರಿದರೆ ಹೋಗುತ್ತವೆ, ಹೋದರೂ ಊಟಕ್ಕೆ ಕೊರತೆಯಿಲ್ಲ.

ಕಾಳಿನ ಗುಂಪು ಚಿಕ್ಕದು, ಅಪಾಯ ದೊಡ್ಡದು. 1972ರಲ್ಲಿ ಅಮೆರಿಕ ಮತ್ತು ಚೀನಾ ಹೊರಡಿಸಿದ ಶಾಂಘೈ ಜಂಟಿ ಹೇಳಿಕೆಯನ್ನೇ ನೋಡಿ. ತೈವಾನ್ ಚೀನಾದ ಭಾಗ ಎಂಬ ಚೀನೀಯರ ನಿಲುವಿನ ಬಗ್ಗೆ ಅಮೆರಿಕದ ಪಕ್ಷ "ಅಕ್ನಾಲೆಜಸ್" ಎಂದು ಇಂಗ್ಲಿಷ್‌ನಲ್ಲಿತ್ತು. ನಿಮ್ಮ ನಿಲುವು ಇಂಥದ್ದು ಎಂದು ನಮಗೆ ಗೊತ್ತಿದೆ, ಎನ್ನುವಷ್ಟೇ ಅದರ ತೂಕ. ಚೀನೀ ಪಠ್ಯದಲ್ಲಿ ಅದಕ್ಕೆ "ರೆನ್‌ಷಿ ದಾವ್" ಎಂದಿತ್ತು, ಅಂದರೆ ಮನಗಂಡಿದೆ. 1979ರಲ್ಲಿ ರಾಜತಾಂತ್ರಿಕ ಸಂಬಂಧ ಆರಂಭವಾದಾಗ ಬಂದ ಜಂಟಿ ಹೇಳಿಕೆಯಲ್ಲೂ ಇಂಗ್ಲಿಷ್ ಪದ "ಅಕ್ನಾಲೆಜಸ್" ಆಗಿಯೇ ಉಳಿಯಿತು. ಚೀನೀ ಪದ ಮಾತ್ರ "ಛೆಂಗ್‌ರೆನ್" ಆಯಿತು. ಛೆಂಗ್‌ರೆನ್ ಅಂದರೆ ಒಪ್ಪಿಕೊಳ್ಳುವುದು, ಮಾನ್ಯ ಮಾಡುವುದು ಎಂಬ ಅರ್ಥವೂ ಬರುತ್ತದೆ. ಒಂದು ಕ್ರಿಯಾಪದದ ಈ ಅಂತರದ ಮೇಲೆ ಇಂದಿಗೂ ಎರಡೂ ಕಡೆ ವಾದ ನಡೆಯುತ್ತದೆ. ಇವು ಬರೆದ ಪಠ್ಯಗಳು, ಬೂತ್‌ನಲ್ಲಿ ಹುಟ್ಟಿದ್ದಲ್ಲ. ಆದರೆ ಬೂತ್‌ನಲ್ಲಿ ಕೂತವರಿಗೆ ಈ ಜಗಳ ಆಸ್ತಿಯ ಹಾಗೆ ಬಂದು ಸೇರುತ್ತದೆ. ಹಾಗಾಗಿ ಚೀನಾದ ಪ್ರತಿನಿಧಿ "ಯೀ ಗ ಜೊಂಗ್‌ಗುವೊ ಯುವಾನ್‌ಜೆ" ಎಂದರೆ ಇಂಗ್ಲಿಷ್‌ನಲ್ಲಿ "ಒನ್ ಚೈನಾ ಪ್ರಿನ್ಸಿಪಲ್" ಎಂದೇ ಹೇಳಬೇಕು. ಅಮೆರಿಕದವರು "ಒನ್ ಚೈನಾ ಪಾಲಿಸಿ" ಎಂದರೆ ಚೀನೀಗೆ "ಜೆಂಗ್‌ಛೆ" ಎಂದೇ ಹೋಗಬೇಕು. ಮೊದಲನೆಯದು ಚೀನಾದ ತತ್ವ, ಎರಡನೆಯದು ಅಮೆರಿಕದ ನೀತಿ. ಎರಡೂ ಒಂದೇ ಅಲ್ಲವೇ ಎಂದುಕೊಂಡು ಅದಲುಬದಲು ಮಾಡಿದರೆ ಒಬ್ಬರ ನಿಲುವನ್ನು ಇನ್ನೊಬ್ಬರ ಬಾಯಿಗೆ ತುರುಕಿದ ಹಾಗೆ.

ಅಸಮಾಧಾನ ತೋರಿಸುವ ರಾಜತಾಂತ್ರಿಕ ಪದಗಳೂ ಇದೇ ಗುಂಪಿನವು. ಕಳವಳ, ವಿಷಾದ, ಅತೃಪ್ತಿ, ವಿರೋಧ, ಖಂಡನೆ: ಇವು ಏಣಿಯ ಮೆಟ್ಟಿಲುಗಳು. "ಗ್ವಾನ್‌ಛ್ಯೆ" ಬಂದಾಗ "ಕನ್ಸರ್ನ್" ಎನ್ನಿ, "ಯೀಹಾನ್" ಬಂದಾಗ "ರಿಗ್ರೆಟ್" ಎನ್ನಿ, "ಛ್ಯೆನ್‌ಜೆ" ಬಂದಾಗ ಮಾತ್ರ "ಕಂಡೆಮ್". ಭಾಷಣಕಾರರು ಮೂರನೇ ಮೆಟ್ಟಿಲಲ್ಲಿ ನಿಂತಿರುವಾಗ ದುಭಾಷಿ ಐದನೇ ಮೆಟ್ಟಿಲಿಂದ ಕೂಗಬಾರದು. ಸಮಾನಾರ್ಥಕ ಪದ ಹುಡುಕಿ ಭಾಷೆಯನ್ನು ಚೆಂದ ಮಾಡುವ ಆಸೆಯನ್ನು ಇಲ್ಲಿ ಪೂರ್ತಿ ಬಿಡಬೇಕು. ಇಸ್ಕೂಲಿನಲ್ಲಿ ಪ್ರಬಂಧ ಬರೆಯುವಾಗ ಒಂದೇ ಪದ ಮತ್ತೆ ಮತ್ತೆ ಬರಬಾರದು ಎಂದು ಹೇಳಿಕೊಟ್ಟಿದ್ದಾರಲ್ಲ, ಅದರ ತದ್ವಿರುದ್ಧ.

ಕಾಳಿನ ಆಕಾರವೂ ಒಮ್ಮೊಮ್ಮೆ ಅಧಿಕೃತವಾಗಿ ಬದಲಾಗುತ್ತದೆ. 2013ರಲ್ಲಿ ಶಿ ಜಿನ್‌ಪಿಂಗ್ ಪ್ರಕಟಿಸಿದ "ಯೀ ದಾಯ್ ಯೀ ಲು" ಯೋಜನೆ ಮೊದಮೊದಲು ಇಂಗ್ಲಿಷ್‌ನಲ್ಲಿ "ಒನ್ ಬೆಲ್ಟ್ ಒನ್ ರೋಡ್" ಎಂದೇ ಓಡಾಡುತ್ತಿತ್ತು. 2015ರಲ್ಲಿ ಚೀನಾ ಸರ್ಕಾರವೇ "ಬೆಲ್ಟ್ ಅಂಡ್ ರೋಡ್ ಇನಿಶಿಯೇಟಿವ್" ಎಂದು ಗೊತ್ತುಮಾಡಿತು. ಅದನ್ನು ಸ್ಟ್ರಾಟೆಜಿ, ಪ್ರಾಜೆಕ್ಟ್ ಎಂದೆಲ್ಲ ಕರೆಯಬಾರದು ಎಂದೂ ಹೇಳಿತು. ಚೀನೀ ಮೂಲ ಒಂದು ಅಕ್ಷರವೂ ಅಲುಗಲಿಲ್ಲ, ಇಂಗ್ಲಿಷ್ ಮಾತ್ರ ಬದಲಾಯಿತು. ಹಳೆಯ ಹಾಳೆ ಹಿಡಿದು ಬೂತ್‌ಗೆ ಹೋಗುವವರು ಇಂಥ ಕಡೆ ಎಡವುತ್ತಾರೆ.

ಹತ್ತಿಯ ಗುಂಪಿಗೆ ಬರೋಣ. ಚೀನೀಯರಿಗೆ ನಾಲ್ಕಕ್ಷರದ ನುಡಿಗಟ್ಟುಗಳ ಮೇಲೆ ಅಪಾರ ಮೋಹ. ಅವುಗಳಲ್ಲಿ ಎಷ್ಟೋ ಎರಡೆರಡು ಅಕ್ಷರದ ಎರಡು ತುಂಡು, ಎರಡರ ಅರ್ಥವೂ ಹೆಚ್ಚುಕಡಿಮೆ ಒಂದೇ. "ಛೀಷಿನ್ ಷ್ಯೆಲಿ" ಎಂದರೆ ಒಂದೇ ಮನಸ್ಸಿನಿಂದ, ಕೂಡಿದ ಬಲದಿಂದ. ಇಂಗ್ಲಿಷ್‌ನಲ್ಲಿ "ಟುಗೆದರ್" ಎಂದರೆ ಮುಗಿಯಿತು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲಸೋಲ, ತಂಟೆತಕರಾರು, ಹಣ್ಣುಹಂಪಲು, ಗಿಡಗಂಟಿ ಎನ್ನುತ್ತೇವೆ. ಸಾಲಸೋಲ ಮಾಡಿ ಮದುವೆ ಮಾಡಿದ ಎಂಬುದನ್ನು ಇನ್ನೊಂದು ಭಾಷೆಗೆ ಹೇಳುವಾಗ ಸಾಲಕ್ಕೊಂದು, ಸೋಲಕ್ಕೊಂದು ಪದ ಯಾರೂ ಹುಡುಕುವುದಿಲ್ಲ. ನಾಲ್ಕಕ್ಷರದ ಮಾತು ಕೇಳಿದಾಗಲೂ ಅದೇ ಧೈರ್ಯ ಬೇಕು.

ಆದರೆ ಒಂದು ಎಚ್ಚರಿಕೆ. ನೋಡಲು ಹತ್ತಿಯಂತಿದ್ದು ಒಳಗೆ ಕಾಳಿರುವ ನಾಲ್ಕಕ್ಷರಗಳೂ ಇವೆ. "ಗಾಯ್‌ಗ ಖಾಯ್‌ಫಾಂಗ್" 1978ರಿಂದ ಒಂದು ಯುಗದ ಹೆಸರು, "ರಿಫಾರ್ಮ್ ಅಂಡ್ ಓಪನಿಂಗ್ ಅಪ್" ಎಂದು ಪೂರ್ತಿ ಹೇಳಲೇಬೇಕು. "ಷಿಷಿ ಛ್ಯೂಷಿ" ಎಂಬುದಕ್ಕೆ "ಸೀಕ್ ಟ್ರೂಥ್ ಫ್ರಮ್ ಫ್ಯಾಕ್ಟ್ಸ್" ಎಂಬ ರೂಪ ಸ್ಥಿರವಾಗಿದೆ, "ಬಿ ರಿಯಲಿಸ್ಟಿಕ್" ಎಂದು ಹಿಂಡಿದರೆ ಚೀನಾ ಕಮ್ಯುನಿಸ್ಟ್ ಪಕ್ಷದ ಒಂದು ಸಿದ್ಧಾಂತವೇ ಕಾಣೆಯಾಗುತ್ತದೆ. ಯಾವುದು ಯಾವುದೆಂದು ಬೂತ್‌ನಲ್ಲಿ ಕೂತು ನಿರ್ಧರಿಸಲು ಆಗುವುದಿಲ್ಲ. ಹಿಂದಿನ ರಾತ್ರಿಯೇ ಹಾಳೆಯಲ್ಲಿ ಗುರುತು ಹಾಕಿರಬೇಕು. ನಾನು ಕಾಳಿಗೆ ಕೆಂಪು ಗೆರೆ ಎಳೆಯುತ್ತೇನೆ.

ಹೊಟ್ಟು ಸುಲಭ. "ಜಿನ್ ಯೀ ಬು" ಅಂದರೆ ಇನ್ನೂ ಒಂದು ಹೆಜ್ಜೆ ಮುಂದೆ, "ದಾಲಿ" ಅಂದರೆ ಭಾರೀ ಪ್ರಮಾಣದಲ್ಲಿ, "ಛ್ಯೆಷಿ" ಅಂದರೆ ನಿಜವಾಗಿಯೂ, ಖಡಾಖಂಡಿತವಾಗಿ. ಚೀನೀಯಲ್ಲಿ ಇವು ಕ್ರಿಯಾಪದಕ್ಕೆ ಲಯ ಕೂಡಿಸಲು ಬರುತ್ತವೆ. ಪ್ರತಿಯೊಂದಕ್ಕೂ ಇಂಗ್ಲಿಷ್ ವಿಶೇಷಣ ಕೊಟ್ಟರೆ ಕೇಳುವವರಿಗೆ ಭಾಷಣ ಅರಚಾಟದಂತೆ ಕೇಳುತ್ತದೆ. "ಜ್ಯಾಛ್ಯಾಂಗ್" ಒಂದಕ್ಕೆ "ಸ್ಟ್ರೆಂಗ್ದನ್" ಎಂದರೆ ಅದರ ಒಳಗೇ ಇನ್ನಷ್ಟು ಎಂಬುದು ಬಂದಾಯಿತು. ಭಾಷಣಕಾರರು ನಿಧಾನವಾಗಿದ್ದರೆ ಹೊಟ್ಟನ್ನೂ ಹೇಳಿ, ತೊಂದರೆಯಿಲ್ಲ. ಇಂಗ್ಲಿಷ್ ಭಾಷಣಕ್ಕೆ ನಿಮಿಷಕ್ಕೆ 100ರಿಂದ 120 ಪದದ ವೇಗ ದುಭಾಷಿಗೆ ಹಿತ. ಬರೆದು ತಂದದ್ದನ್ನು ಓದತೊಡಗಿದರೆ ಯಾವ ಭಾಷೆಯವರಾದರೂ ಹಿತದ ಗಡಿ ದಾಟಿಬಿಡುತ್ತಾರೆ, ಆಗ ತೂರುವುದು ಅನಿವಾರ್ಯ.

ಬಾಗಿಲಿನಂಥ ಮಾತುಗಳು

ಕೆಲವು ನುಡಿಗಟ್ಟುಗಳಿಗೆ ಸ್ವಂತ ಅರ್ಥ ಕಡಿಮೆ, ವಾಕ್ಯದ ಚೌಕಟ್ಟು ತೋರಿಸುವುದೇ ಅವುಗಳ ಕೆಲಸ. ಚೀನೀಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಚೌಕಟ್ಟು "ದುಯ್ … ಬ್ಯಾವ್‌ಷಿ". "ದುಯ್" ಎಂದರೆ "ಇಂಥದ್ದರ ಬಗ್ಗೆ". ಆಮೇಲೆ ಮಹಾಕಾರ್ಯದರ್ಶಿಯವರು ಇಂಥ ಪ್ರದೇಶದಲ್ಲಿ ಇಂಥ ಸಮಸ್ಯೆ ಬಗೆಹರಿಸಲು ಮಾಡಿದ ಪ್ರಯತ್ನ ಎಂಬ ಉದ್ದನೆಯ ಸರಪಳಿ. ಕಟ್ಟಕಡೆಗೆ "ಬ್ಯಾವ್‌ಷಿ", ಅಂದರೆ "ವ್ಯಕ್ತಪಡಿಸುತ್ತೇವೆ", ಮತ್ತು ಮೆಚ್ಚುಗೆಯೋ ಕಳವಳವೋ ಎಂಬ ಪದ. ಇಂಗ್ಲಿಷ್‌ಗೆ ಆ ಕೊನೆಯ ಪದ ಮೊದಲೇ ಬೇಕು. ಕನ್ನಡದಲ್ಲೂ ವಿಶೇಷಣಗಳೆಲ್ಲ ಮುಂದೆ, ಕ್ರಿಯಾಪದ ಕೊನೆಗೆ, ಆದ್ದರಿಂದ ಈ ಕಾಯುವ ಕಷ್ಟ ನಮಗೆ ಹೊಸದಲ್ಲ.

ಇದಕ್ಕೆ ಮೂರು ದಾರಿ ಇವೆ. ಸಂದರ್ಭದಿಂದ ಊಹೆ ಖಚಿತವಾಗಿದ್ದರೆ, ಉದಾಹರಣೆಗೆ ಭಾಷಣದ ಮೊದಲ ನಿಮಿಷದಲ್ಲಿ ಅಧ್ಯಕ್ಷರ ಹೆಸರು ಬಂದಿದ್ದರೆ, ಅದು ಧನ್ಯವಾದವೇ. "ವೀ ಥ್ಯಾಂಕ್" ಎಂದು ಶುರು ಮಾಡಿಬಿಡಿ. ಅನುಮಾನವಿದ್ದರೆ "ಆನ್ ದಿ ಎಫರ್ಟ್ಸ್ ಆಫ್ ದಿ ಸೆಕ್ರೆಟರಿ ಜನರಲ್" ಎಂದು ತಟಸ್ಥವಾಗಿ ಬಾಗಿಲು ತೆರೆದು, ಸರಪಳಿಯನ್ನು ಬಂದಂತೆಯೇ ಬಿಡಿಸುತ್ತ ಹೋಗಿ, ಕೊನೆಗೆ "ವೀ ಅಪ್ರಿಷಿಯೇಟ್ ದೆಮ್" ಎಂದು ಸಣ್ಣ ವಾಕ್ಯದಲ್ಲಿ ಮುಚ್ಚಿ. ಮೂರನೆಯದು ಸುಮ್ಮನೆ ಕಾಯುವುದು, ಅದನ್ನು ಆದಷ್ಟು ತಪ್ಪಿಸಿ. ಬೂತ್‌ನಿಂದ ಮೂರು ಸೆಕೆಂಡು ಸದ್ದಿಲ್ಲದಿದ್ದರೆ ಕೇಳುಗರು ತಲೆ ಎತ್ತಿ ಗಾಜಿನ ಕಡೆ ನೋಡತೊಡಗುತ್ತಾರೆ. ನಾನು ಎರಡನೆಯ ದಾರಿಯ ಪಕ್ಷಪಾತಿ. ಅಲ್ಲಿ ಇಂಗ್ಲಿಷ್ ಸ್ವಲ್ಪ ಒರಟಾಗುತ್ತದೆ ನಿಜ, ಆದರೆ ತಪ್ಪು ಹೇಳಿ ತಿದ್ದಿಕೊಳ್ಳುವ ಅವಮಾನ ಇರುವುದಿಲ್ಲ.

ಇಂಗ್ಲಿಷ್‌ನಿಂದ ಚೀನೀಗೆ ಬರುವಾಗ ಗಾಳಿ ಬೆನ್ನಿಗಿರುತ್ತದೆ. "ಐ ವುಡ್ ಲೈಕ್ ಟು ಬಿಗಿನ್ ಬೈ ಥ್ಯಾಂಕಿಂಗ್ ಯೂ ಮಿಸ್ಟರ್ ಪ್ರೆಸಿಡೆಂಟ್ ಫಾರ್ ಕನ್ವೀನಿಂಗ್ ದಿಸ್ ಇಂಪಾರ್ಟೆಂಟ್ ಮೀಟಿಂಗ್" ಎಂಬ 25 ಉಚ್ಚಾರಾಂಶದ ಮಾತು "ಗಾನ್‌ಷ್ಯೆ ಜುಷಿ ಜಾವ್‌ಖಾಯ್ ಬೆನ್‌ತ್ಸಿ ಹುಯ್‌ಯೀ" ಎಂಬ 10ರಲ್ಲಿ ಮುಗಿಯುತ್ತದೆ. ಹವಾಮಾನ ಸಭೆಗಳಲ್ಲಿ 1992ರ ರಿಯೊ ಸಮ್ಮೇಳನದಿಂದ ಕೇಳಿಬರುತ್ತಿರುವ "ಕಾಮನ್ ಬಟ್ ಡಿಫರೆನ್ಷಿಯೇಟೆಡ್ ರೆಸ್ಪಾನ್ಸಿಬಿಲಿಟೀಸ್" ಇಂಗ್ಲಿಷ್‌ನಲ್ಲಿ 15, ಚೀನೀಯಲ್ಲಿ 9. ಈ ಉಳಿತಾಯವನ್ನು ತಕ್ಷಣ ಖರ್ಚು ಮಾಡಬೇಡಿ. ಇಂಗ್ಲಿಷ್‌ನಲ್ಲಿ ನಾಮಪದದ ಬಾಲ ಹಿಂದೆ ಬರುತ್ತದೆ: ಇಂಥದ್ದರ ವರದಿ, ಇಂಥ ನಿರ್ಣಯದ ಜಾರಿ ಕುರಿತಾದದ್ದು, ಇಂಥ ದಿನ ಅಂಗೀಕರಿಸಿದ್ದು. ಚೀನೀಯಲ್ಲಿ ಆ ಬಾಲವೆಲ್ಲ ಮುಂದೆ ಬರಬೇಕು. ಕಾಯುತ್ತ ಕೂರದಿರಲು "ವರದಿ" ಎಂಬುದನ್ನು ಹೇಳಿ ಮುಗಿಸಿ, ಬಾಲವನ್ನು ಹೊಸ ವಾಕ್ಯವಾಗಿ ಜೋಡಿಸುವುದು ವಾಡಿಕೆ.

ಅಧ್ಯಕ್ಷರ ಮಾತುಗಳು ಮಂತ್ರದ ಹಾಗೆ ಬಾಯಿಪಾಠ ಇರಲಿ. ಸಭೆ ಆರಂಭ, ಇಂಥ ದೇಶದ ಪ್ರತಿನಿಧಿಗೆ ಮಾತಾಡುವ ಅವಕಾಶ, ಆಕ್ಷೇಪಣೆ ಇಲ್ಲ, ಹಾಗೆಂದು ತೀರ್ಮಾನಿಸಲಾಗಿದೆ. "ಇಟ್ ಈಸ್ ಸೋ ಡಿಸೈಡೆಡ್" ಎಂದ ಕೂಡಲೇ ಸುತ್ತಿಗೆ ಬೀಳುತ್ತದೆ. ಸುತ್ತಿಗೆ ಬಿದ್ದಮೇಲೆ ನಿಮ್ಮ ಭಾಷಾಂತರ ಬಂದರೆ ಏನು ಪ್ರಯೋಜನ?

ಅಂಕಿಯ ಒಳಗೆ ಅಡಗಿದ ಮಾತು

ಚೀನೀ ರಾಜಕೀಯಕ್ಕೆ ಅಂಕಿ ಹಚ್ಚಿ ಹೆಸರಿಡುವ ಚಟ. "ಸಾನ್ ಗ ದಾಯ್‌ಬ್ಯಾವ್" ಎಂಬ ಪಕ್ಷದ ಸಿದ್ಧಾಂತವನ್ನು "ಥ್ರೀ ರೆಪ್ರೆಸೆಂಟ್ಸ್" ಎಂದು ಇಂಗ್ಲಿಷ್‌ಗೆ ತಂದಿದ್ದಾರೆ, ಇಂಗ್ಲಿಷ್ ಬಲ್ಲವರಿಗೆ ಅದು ಇಂಗ್ಲಿಷೇ ಅಲ್ಲ ಅನಿಸುತ್ತದೆ. "ಸಾನ್ ನೊಂಗ್" ಎಂದರೆ ಕೃಷಿ, ಹಳ್ಳಿ, ರೈತ, ಮೂರೂ ಸೇರಿ. "ಸಿ ಗ ಜಿಷಿನ್" ಎಂದರೆ ಹಾದಿ, ಸಿದ್ಧಾಂತ, ವ್ಯವಸ್ಥೆ, ಸಂಸ್ಕೃತಿ ನಾಲ್ಕರ ಮೇಲಿನ ಆತ್ಮವಿಶ್ವಾಸ. ಚೀನಾ ತಜ್ಞರು ತುಂಬಿದ ಸಭೆಯಲ್ಲಿ ಹೆಸರಷ್ಟೇ ಸಾಕು. ಹಾಲು ಉತ್ಪಾದಕರ ಸಭೆಯಲ್ಲಿ "ಥ್ರೀ ರೂರಲ್ ಇಷ್ಯೂಸ್" ಎಂದು ಹೇಳಿ ಬಿಟ್ಟರೆ ಯಾವ ಮೂರು ಎಂದು ಅವರು ಎಣಿಸುತ್ತ ಕೂರುತ್ತಾರೆ. ಅಲ್ಲಿ ಮೊದಲ ಸಲ ಬಿಡಿಸಿ ಹೇಳಿ, ಎರಡನೆಯ ಸಲದಿಂದ ಚಿಕ್ಕದು ಮಾಡಿ. "ಬೆಲ್ಟ್ ಅಂಡ್ ರೋಡ್ ಇನಿಶಿಯೇಟಿವ್" ಎಂಬುದೂ ಎರಡನೆಯ ಸಲಕ್ಕೆ "ದಿ ಇನಿಶಿಯೇಟಿವ್" ಆಗಬಹುದು.

ನಿಜವಾದ ಅಂಕಿಗಳ ಕಷ್ಟ ಬೇರೆ. ಇಂಗ್ಲಿಷ್ ಸಾವಿರದ ಲೆಕ್ಕದಲ್ಲಿ ಏರುತ್ತದೆ, ಚೀನೀ ಹತ್ತು ಸಾವಿರದ ಲೆಕ್ಕದಲ್ಲಿ. ಹತ್ತು ಸಾವಿರಕ್ಕೆ "ವಾನ್", ಹತ್ತು ಕೋಟಿಗೆ "ಯೀ". ಇಲ್ಲಿ ಕನ್ನಡಿಗರಿಗೆ ಒಂದು ಕಳ್ಳದಾರಿ ಇದೆ. "ಷಿ ವಾನ್" ಎಂದರೆ ಸರಿಯಾಗಿ ನಮ್ಮ ಒಂದು ಲಕ್ಷ, "ಛ್ಯೆನ್ ವಾನ್" ಎಂದರೆ ಒಂದು ಕೋಟಿ. ನಮ್ಮ ತಲೆಯಲ್ಲಿ ಆ ಖಾನೆಗಳು ಮೊದಲೇ ಇವೆ. 3.5 ಯೀ ಕೇಳಿದರೆ 35 ಕೋಟಿ, ಅಲ್ಲಿಂದ 350 ಮಿಲಿಯನ್. ಎರಡು ಮೆಟ್ಟಿಲು ಆಯಿತು, ದಿಟ. ರೂಢಿಯಾದ ಮೇಲೆ ನಡುವಿನ ಮೆಟ್ಟಿಲು ಬಿದ್ದುಹೋಗಲಿ: 100 ವಾನ್ ಒಂದು ಮಿಲಿಯನ್, 10 ಯೀ ಒಂದು ಬಿಲಿಯನ್. ಅಂಕಿ ಬಂದಾಗ ಪಕ್ಕದಲ್ಲಿ ಕೂತ ಸಹೋದ್ಯೋಗಿ ಕಾಗದದ ಮೇಲೆ ಬರೆದು ತೋರಿಸುವುದು ಬೂತ್‌ನ ಹಳೆಯ ಶಿಷ್ಟಾಚಾರ. ಬರೆಯುವಾಗ ಸೊನ್ನೆಗಳನ್ನು ಬರೆಯಬೇಡಿ, ಎಂ ಅಥವಾ ಬಿ ಎಂಬ ಗುರುತು ಸಾಕು.

ಹಾಳೆಯಲ್ಲಿ ಇಲ್ಲದ ಮಾತು ಬಂದರೆ

2008ರ ಡಿಸೆಂಬರ್‌ನಲ್ಲಿ ಆಗಿನ ಅಧ್ಯಕ್ಷ ಹು ಜಿಂಟಾವ್ ಸುಧಾರಣೆಯ 30ನೇ ವರ್ಷದ ಭಾಷಣದಲ್ಲಿ "ಬು ಜಥೆಂಗ್" ಎಂದರು. ಉತ್ತರ ಚೀನಾದ ಆಡುಮಾತು. ನಮ್ಮಲ್ಲಿ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಹಾಗೆ ಮಾಡಬೇಡಿ ಎಂಬ ಧಾಟಿ. ಕೆಲವೇ ದಿನಗಳ ನಂತರ ಬೀಜಿಂಗ್‌ನ ಪತ್ರಿಕಾಗೋಷ್ಠಿಯೊಂದರಲ್ಲಿ ಅದೇ ಮಾತು ಬಂದಾಗ ದುಭಾಷಿ ಅದನ್ನು ಅನುವಾದಿಸಲೇ ಇಲ್ಲ, "ಬು ಜಥೆಂಗ್" ಎಂದೇ ಇಂಗ್ಲಿಷ್ ವಾಕ್ಯದೊಳಗೆ ಇಟ್ಟುಬಿಟ್ಟರು. ಸಭೆ ನಕ್ಕಿತು. ಸರಿ ಇಂಗ್ಲಿಷ್ ಯಾವುದು ಎಂಬ ಚರ್ಚೆ ಆಮೇಲೆ ಬಹಳ ಕಾಲ ನಡೆಯಿತು. ಚೀನೀ ಬಲ್ಲ ಪತ್ರಕರ್ತರೇ ಹೆಚ್ಚಿದ್ದ ಕಡೆ ಅದು ಜಾಣ ನಡೆ. ಬೇರೆ ಕಡೆ ಹಾಗೆ ಮಾಡಬೇಡಿ. ಅರ್ಥದ ತಿರುಳು ಹಿಡಿದು ಸಾದಾ ಇಂಗ್ಲಿಷ್‌ನಲ್ಲಿ ಹೇಳಿ, ಮ್ಯೂಟ್ ಗುಂಡಿ ಒತ್ತಿದಾಗ ಸಹೋದ್ಯೋಗಿಯ ಜೊತೆ ಪದ ಗೊತ್ತುಮಾಡಿಕೊಂಡು ಹಾಳೆಗೆ ಸೇರಿಸಿ. ಇನ್ನರ್ಧ ಗಂಟೆಯಲ್ಲಿ ಅದು ಮತ್ತೆ ಬಂದೇ ಬರುತ್ತದೆ.

ಪ್ರಾಚೀನ ಕವಿತೆಯ ಸಾಲು ಬಂದರೆ? 2010ರ ಮಾರ್ಚ್‌ನಲ್ಲಿ ಪ್ರಧಾನಿ ವೆನ್ ಜ್ಯಾಬಾವ್ ಪತ್ರಿಕಾಗೋಷ್ಠಿಯಲ್ಲಿ ಕವಿ ಚ್ಯು ಯುವಾನ್‌ನ ಸಾಲೊಂದನ್ನು ಹೇಳಿದರು: ಮನಸ್ಸಿಗೆ ಒಪ್ಪಿದ್ದಕ್ಕಾಗಿ ಒಂಬತ್ತು ಸಲ ಸತ್ತರೂ ಪಶ್ಚಾತ್ತಾಪವಿಲ್ಲ. ದುಭಾಷಿ ಜಾಂಗ್ ಲು ಆ ಒಂಬತ್ತನ್ನು ಇಂಗ್ಲಿಷ್‌ನಲ್ಲಿ ಸಾವಿರ ಸಲ ಮಾಡಿದರು. ಹಳೆಯ ಚೀನೀಯಲ್ಲಿ ಒಂಬತ್ತು ಅಂದರೆ ಲೆಕ್ಕವಿಲ್ಲದಷ್ಟು, ಇಂಗ್ಲಿಷ್ ಕಿವಿಗೆ ಆ ಭಾವ ಕೊಡುವುದು ಸಾವಿರ. ಆದರೆ ಅದು ಭಾಷಣಕಾರರು ನಿಲ್ಲಿಸಿದ ಮೇಲೆ ಮಾಡುವ ಸರದಿ ಭಾಷಾಂತರ, ಯೋಚಿಸಲು ಕೆಲವು ಕ್ಷಣ ಇರುತ್ತವೆ. ಬೂತ್‌ನಲ್ಲಿ ಆ ಕ್ಷಣಗಳಿಲ್ಲ, ಸಾಲಿನ ಅರ್ಥ ತಲುಪಿದರೆ ಸಾಕು. ಪ್ರಾಸ ಹೊಂದಿಸಲು ಹೋಗಿ ಮುಂದಿನ ಎರಡು ವಾಕ್ಯ ಕಳೆದುಕೊಳ್ಳುವವರು ಬಹಳ.

ನಿಮ್ಮ ಇಂಗ್ಲಿಷ್ ಕೇಳುತ್ತಿರುವ ಇತರ ಬೂತ್‌ಗಳು

ವಿಶ್ವಸಂಸ್ಥೆಯಲ್ಲಿ ಆರು ಬೂತ್. ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಶ್ ಬೂತ್‌ಗಳಲ್ಲಿ ಇಬ್ಬಿಬ್ಬರು, ಅವರು ತಮ್ಮ ಭಾಷೆಗೆ ಮಾತ್ರ ತರುತ್ತಾರೆ. ಚೀನೀ ಮತ್ತು ಅರೇಬಿಕ್ ಬೂತ್‌ಗಳಲ್ಲಿ ಮೂವರು ಮೂವರು, ಏಕೆಂದರೆ ಅವರು ಎರಡೂ ದಿಕ್ಕಿನಲ್ಲಿ ದುಡಿಯಬೇಕು. ಚೀನೀ ಭಾಷಣ ನಡೆಯುವಾಗ ಉಳಿದ ಬೂತ್‌ಗಳು ಸಾಮಾನ್ಯವಾಗಿ ಚೀನೀ ಬೂತ್‌ನ ಇಂಗ್ಲಿಷ್ ಕೇಳಿಯೇ ತಮ್ಮ ಭಾಷೆಗೆ ತರುತ್ತವೆ. ಇದಕ್ಕೆ ರಿಲೇ ಎನ್ನುತ್ತಾರೆ. ನೀವು "ಶೇರ್ಡ್ ಫ್ಯೂಚರ್" ಎಂದದ್ದನ್ನು ಮುಂದಿನ ಪ್ಯಾರಾದಲ್ಲಿ "ಕಾಮನ್ ಡೆಸ್ಟಿನಿ" ಮಾಡಿದರೆ, ಸ್ಪ್ಯಾನಿಶ್ ಬೂತ್‌ನವರು ಇದು ಇನ್ನೊಂದು ಹೊಸ ಪರಿಕಲ್ಪನೆ ಎಂದುಕೊಳ್ಳುತ್ತಾರೆ. ಸುಮಾರು ಇಪ್ಪತ್ತು–ಮೂವತ್ತು ನಿಮಿಷಕ್ಕೊಮ್ಮೆ ಮೈಕ್ ಕೈ ಬದಲಾಗುವಾಗಲೂ ಇದೇ ಅಪಾಯ. ಆದ್ದರಿಂದ ಹಾಳೆ ಒಬ್ಬರದಲ್ಲ, ಬೂತ್‌ನದು. ಸಭೆಗೆ ಮೊದಲೇ ಕೂತು ಯಾವ ಪದ ಎಂದು ಒಪ್ಪಂದ ಮಾಡಿಕೊಳ್ಳಿ. ನಿಮ್ಮ ಪದವೇ ಉತ್ತಮವಾಗಿದ್ದರೂ ಸಹೋದ್ಯೋಗಿ ಆಗಲೇ ಬೇರೆಯದನ್ನು ಬಳಸಿಬಿಟ್ಟಿದ್ದರೆ ಅದನ್ನೇ ಮುಂದುವರಿಸಿ, ವಾದ ಆಮೇಲೆ ಕಾಫಿ ಹೊತ್ತಿಗೆ.

ಮನೆಯಲ್ಲಿ ಅಭ್ಯಾಸ

ವಿಶ್ವಸಂಸ್ಥೆಯ ವೆಬ್ ಟಿವಿಯಲ್ಲಿ ಒಂದೇ ಸಭೆಯನ್ನು ಚೀನೀಯಲ್ಲೂ ಇಂಗ್ಲಿಷ್‌ನಲ್ಲೂ ಕೇಳಬಹುದು, ಬಿಟ್ಟಿ. ಚೀನಾದ ಪ್ರತಿನಿಧಿಯ ಹತ್ತು ನಿಮಿಷದ ಭಾಷಣ ಆರಿಸಿಕೊಳ್ಳಿ. ಮೊದಲ ಸಲ ಬಾಯಿ ಬಿಡಬೇಡಿ. ಭಾಷಣದೊಳಗೆ ಮರುಕಳಿಸಿದ ಮಾತುಗಳಿಗಷ್ಟೇ ಕಾಗದದ ಮೇಲೆ ಗೀಟು ಹಾಕುತ್ತ ಕೇಳಿ. ಆಮೇಲೆ ಆ ಗೀಟಿನ ಮಾತುಗಳನ್ನು ಮಾತ್ರ ಇಂಗ್ಲಿಷ್‌ನಲ್ಲಿ ಹೇಳುತ್ತ ಮತ್ತೊಮ್ಮೆ ಓಡಿಸಿ, ಉಳಿದ ಕಡೆ ಸುಮ್ಮನಿರಿ. ಮಾತು ಮುಗಿಯುವ ಮೊದಲೇ ಇಂಗ್ಲಿಷ್ ಬಾಯಿಗೆ ಬರುವತನಕ ಮುಂದಕ್ಕೆ ಹೋಗಬೇಡಿ. ಅದಾದ ಮೇಲೆಯೇ ಪೂರ್ತಿ ಭಾಷಣ. ನಿಮ್ಮದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಇಂಗ್ಲಿಷ್ ವಾಹಿನಿಯ ದುಭಾಷಿ ಅದೇ ಜಾಗದಲ್ಲಿ ಏನು ಹೇಳಿದರು, ಏನು ಬಿಟ್ಟರು ಎಂದು ಹೋಲಿಸಿ. ಬಿಟ್ಟದ್ದನ್ನು ಹೆಚ್ಚು ಗಮನಿಸಿ, ತೂರುವ ಕಲೆ ಅಲ್ಲಿಯೇ ಕಾಣುವುದು.

ಮರುದಿನ ಅದೇ ಭಾಷಣ ಮತ್ತೆ ಹಾಕಬೇಡಿ, ಅಷ್ಟರಲ್ಲಿ ಅದು ಬಾಯಿಪಾಠ ಆಗಿರುತ್ತದೆ. ಅದೇ ಪ್ರತಿನಿಧಿ ಬೇರೆ ವಿಷಯದ ಮೇಲೆ ಆಡಿದ್ದನ್ನು ಹುಡುಕಿ, ನಿನ್ನೆಯ ಹಾಳೆಯಲ್ಲಿದ್ದ ಮಾತುಗಳಲ್ಲಿ ಎಷ್ಟು ಮತ್ತೆ ಬಂದವು ಎಂದು ಎಣಿಸಿ.